ಮೇಪಲ್ ಇದ್ದಲು ಟೆನೆಸಿ ವಿಸ್ಕಿಗೆ ಏನು ಮಾಡುತ್ತದೆ?

ಟೆನೆಸಿ ವಿಸ್ಕಿಯ ವಿಷಯ ಬಂದಾಗ ಜಾಸ್ತಿ ಕೇಳಿಬರುವ ಮಾತು ಇದು: "ಮೇಪಲ್ ಮರದ ಇದ್ದಲಿನಲ್ಲಿ ಸೋಸ್ತಾರಲ್ಲ, ಅದಕ್ಕೇ ಆ ಹೊಗೆ ವಾಸನೆ, ಆ ಸಿಹಿ." ಕೇಳೋಕೆ ಸರಿಯಾಗೇ ಇದೆ. ಇದ್ದಲು ಅಂದರೆ ಹೊಗೆ, ಮೇಪಲ್ ಅಂದರೆ ಆ ಮರದ ರಸದಿಂದ ಮಾಡುವ ಸಿಹಿ ಪಾಕ. ಎರಡೂ ವಿಸ್ಕಿಗೆ ಇಳಿದಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ನಡೆಯುವುದು ಇದರ ಉಲ್ಟಾ. ಆ ಇದ್ದಲಿನ ಮುಖ್ಯ ಕೆಲಸ ಸೇರಿಸುವುದಲ್ಲ, ತೆಗೆಯುವುದು.

ಇದೊಂದು ಗೊತ್ತಾದರೆ ಈ ವಿಸ್ಕಿಯ ರುಚಿ ನೋಡುವ ರೀತಿಯೇ ಬದಲಾಗುತ್ತದೆ. ಗ್ಲಾಸಿನಲ್ಲಿ ಏನಿದೆ ಅಂತ ಹುಡುಕುವ ಜೊತೆಗೆ ಏನಿಲ್ಲ ಅಂತಲೂ ಹುಡುಕಬೇಕಾಗುತ್ತದೆ. ನನ್ನ ಮಟ್ಟಿಗೆ ಟೆನೆಸಿ ವಿಸ್ಕಿಯ ಸ್ವಾರಸ್ಯ ಇರುವುದೇ ಅಲ್ಲಿ.

ಮೊದಲು ಇದು ಹೇಗೆ ತಯಾರಾಗುತ್ತದೆ ನೋಡೋಣ. ಟೆನೆಸಿ ಅಮೆರಿಕದ ದಕ್ಷಿಣ ಭಾಗದ ಒಂದು ರಾಜ್ಯ. ಅದರ ಉತ್ತರಕ್ಕೆ ಕೆಂಟಕಿ, ಬರ್ಬನ್ ವಿಸ್ಕಿಗೆ ಹೆಸರಾದ ರಾಜ್ಯ. ಎರಡೂ ಕಡೆ ಮುಖ್ಯ ಧಾನ್ಯ ಮೆಕ್ಕೆಜೋಳ. ಟೆನೆಸಿಯ ಲಿಂಚ್‌ಬರ್ಗ್ ಊರಿನ ಜಾಕ್ ಡೇನಿಯಲ್ಸ್ ಕಂಪನಿಯ ವಿಸ್ಕಿಯಲ್ಲಿ ಮೆಕ್ಕೆಜೋಳ ಶೇ. 80, ಮೊಳಕೆ ಬರಿಸಿದ ಬಾರ್ಲಿ (ಮಾಲ್ಟ್) ಶೇ. 12, ಗೋಧಿಯಂಥ ಧಾನ್ಯವಾದ ರೈ ಶೇ. 8. ಅದೇ ರಾಜ್ಯದ ಟಲ್ಲಾಹೋಮಾ ಹತ್ತಿರ ತಯಾರಾಗುವ ಜಾರ್ಜ್ ಡಿಕಲ್‌ನಲ್ಲಿ ಮೆಕ್ಕೆಜೋಳ ಶೇ. 84, ರೈ ಮತ್ತು ಬಾರ್ಲಿ ತಲಾ ಶೇ. 8. ಧಾನ್ಯ ಪುಡಿ ಮಾಡಿ, ನೀರಿನಲ್ಲಿ ಬೇಯಿಸಿ, ಯೀಸ್ಟ್ ಹಾಕಿ ಕೆಲವು ದಿನ ಹುಳಿಯಲು ಬಿಡುತ್ತಾರೆ. ಆಮೇಲೆ ಭಟ್ಟಿ ಇಳಿಸುತ್ತಾರೆ.

ಬಾಟಲಿಯ ಮೇಲೆ 'ಸೋರ್ ಮ್ಯಾಶ್' ಅಂತ ದೊಡ್ಡದಾಗಿ ಬರೆದಿರುತ್ತದೆ. ಇದು ಟೆನೆಸಿಯದ್ದೇ ಗುಟ್ಟು ಅಂದುಕೊಳ್ಳುವವರಿದ್ದಾರೆ. ಅಲ್ಲ. ಹಿಂದಿನ ಸಲ ಭಟ್ಟಿ ಇಳಿಸಿದ ಮೇಲೆ ಉಳಿದ ಹುಳಿ ನೀರನ್ನು ಹೊಸ ಮಿಶ್ರಣಕ್ಕೆ ಸ್ವಲ್ಪ ಸೇರಿಸುವ ಪದ್ಧತಿ ಅದು. ಬೇಡದ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ರುಚಿ ಏರುಪೇರಾಗದಂತೆ ನೋಡಿಕೊಳ್ಳುತ್ತದೆ. ಕೆಂಟಕಿಯ ಬಹುತೇಕ ಬರ್ಬನ್‌ಗಳೂ ಹೀಗೇ ತಯಾರಾಗುತ್ತವೆ.

ಭಟ್ಟಿಯಿಂದ ಇಳಿದ ದ್ರವ ನೀರಿನಷ್ಟು ತಿಳಿ. ಬರ್ಬನ್ ಆದರೆ ಅದಕ್ಕೆ ನೀರು ಬೆರೆಸಿ, ಗಡಸು (ಅಂದರೆ ಆಲ್ಕೋಹಾಲ್ ಪ್ರಮಾಣ) ಇಳಿಸಿ, ಪೀಪಾಯಿಗೆ ತುಂಬುತ್ತಾರೆ. ಟೆನೆಸಿಯಲ್ಲಿ ನಡುವೆ ಇನ್ನೊಂದು ಹಂತವಿದೆ, ಮೇಪಲ್ ಇದ್ದಲಿನಲ್ಲಿ ಸೋಸುವುದು. ಅದಕ್ಕೆ ಲಿಂಕನ್ ಕೌಂಟಿ ಪ್ರೋಸೆಸ್ ಅಂತ ಹೆಸರು. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು.

ಜಾಕ್ ಡೇನಿಯಲ್ಸ್‌ನವರು ತಮ್ಮ ಇದ್ದಲನ್ನು ತಾವೇ ಸುಡುತ್ತಾರೆ. ಶುಗರ್ ಮೇಪಲ್ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ ಅಟ್ಟಿ ಕಟ್ಟುತ್ತಾರೆ. ಅದಕ್ಕೆ ಕಚ್ಚಾ ವಿಸ್ಕಿಯನ್ನೇ ಚಿಮುಕಿಸಿ ಬಯಲಿನಲ್ಲಿ ಬೆಂಕಿ ಹಚ್ಚುತ್ತಾರೆ. ಸೀಮೆಎಣ್ಣೆಯಂಥದ್ದು ಬಳಸಿದರೆ ಅದರ ವಾಸನೆ ಇದ್ದಲಿಗೆ ಹಿಡಿದು, ಅಲ್ಲಿಂದ ವಿಸ್ಕಿಗೂ ಹತ್ತೀತು. ಮರ ಬೂದಿಯಾಗುವ ಮೊದಲೇ ನೀರು ಹೊಡೆದು ಬೆಂಕಿ ಆರಿಸುತ್ತಾರೆ. ಉಳಿದ ಇದ್ದಲನ್ನು ಸಣ್ಣ ಚೂರು ಮಾಡಿ ದೊಡ್ಡ ತೊಟ್ಟಿಗಳಲ್ಲಿ 10 ಅಡಿ ಆಳಕ್ಕೆ ತುಂಬುತ್ತಾರೆ. ಮೇಲಿನಿಂದ ವಿಸ್ಕಿ ತೊಟ್ಟಿಕ್ಕುತ್ತದೆ. ಅದು ಕೆಳಗೆ ಇಳಿದು ಬರುವಷ್ಟರಲ್ಲಿ ದಿನಗಳೇ ಕಳೆಯುತ್ತವೆ.

ಇದ್ದಲಿನ ಒಳಗೆ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ತೂತುಗಳಿವೆ. ಮನೆಯ ನೀರಿನ ಫಿಲ್ಟರ್‌ನಲ್ಲಿ ಇದ್ದಲು ಮಾಡುವ ಕೆಲಸವನ್ನೇ ಇಲ್ಲೂ ಮಾಡುತ್ತದೆ. ಕೆಲವು ಅಣುಗಳು ಅದರ ಮೈಗೆ ಅಂಟಿಕೊಂಡು ಉಳಿಯುತ್ತವೆ, ಉಳಿದವು ಹಾದುಹೋಗುತ್ತವೆ. ಎಣ್ಣೆಯ ಸ್ವಭಾವದವು, ಗಾತ್ರದಲ್ಲಿ ದೊಡ್ಡವು ಸುಲಭವಾಗಿ ಅಂಟುತ್ತವೆ. ಮೆಕ್ಕೆಜೋಳದಿಂದ ಬರುವ ಜಿಡ್ಡು, ಕೊಬ್ಬಿನ ಆಮ್ಲಗಳು ಇಂಥವು. ಹಸಿ ವಿಸ್ಕಿಗೆ ಒಂದು ಕಮಟು ವಾಸನೆ, ಬಾಯಿಗೆ ಮೆತ್ತಿಕೊಳ್ಳುವ ಗುಣ ಬರುವುದು ಇವುಗಳಿಂದ. ಟೆನೆಸಿ ವಿಶ್ವವಿದ್ಯಾಲಯದ ಸಂಶೋಧಕರು ಸೋಸುವ ಮುಂಚಿನ ವಿಸ್ಕಿಯನ್ನೂ ಸೋಸಿದ ಮೇಲಿನದನ್ನೂ ಹೋಲಿಸಿ ನೋಡಿದ್ದಾರೆ. ಮಾಲ್ಟಿನ ವಾಸನೆ, ಕಮಟು, ಜಿಡ್ಡಿನ ವಾಸನೆ, ಹುರಿದ ವಾಸನೆ ಇವೆಲ್ಲ ಕಡಿಮೆಯಾಗಿದ್ದು ಅವರಿಗೆ ಕಂಡುಬಂತು.

ಇನ್ನೊಂದು ಸಂಗತಿ. ಎಷ್ಟು ಅಂಟಿಸಿಕೊಳ್ಳಬಹುದು ಅನ್ನೋದಕ್ಕೆ ಇದ್ದಲಿಗೂ ಮಿತಿ ಇದೆ. ತೂತುಗಳು ತುಂಬಿದ ಮೇಲೆ ಅದರಿಂದ ಪ್ರಯೋಜನವಿಲ್ಲ. ಹಾಗಾಗಿ ಆಗಾಗ ವಿಸ್ಕಿಯ ರುಚಿ ನೋಡಿ, ಇದ್ದಲು ಸೋತಿದೆ ಅನ್ನಿಸಿದರೆ ಬದಲಾಯಿಸುತ್ತಾರೆ.

ಹಾಗಾದರೆ ಗ್ಲಾಸಿನಲ್ಲಿ ಬರುವ ಆ ತೆಳು ಹೊಗೆ ಎಲ್ಲಿಂದ? ಪೀಪಾಯಿಯಿಂದ. ಹೊಸ ಓಕ್ ಪೀಪಾಯಿಯ ಒಳಮೈಯನ್ನು ಬೆಂಕಿ ಹಿಡಿದು ಕರಿ ಮಾಡಿರುತ್ತಾರೆ. ಬರ್ಬನ್‌ಗೂ ಇದೇ ಪೀಪಾಯಿ. ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿಗಳ ದಟ್ಟ ಹೊಗೆ ಮಾತ್ರ ಬೇರೆಯದೇ. ಅಲ್ಲಿ ಬಾರ್ಲಿ ಒಣಗಿಸುವಾಗಲೇ ಪೀಟ್ (ಗಿಡಗಳು ಕೊಳೆತು ಆದ ಜೌಗು ಮಣ್ಣು) ಸುಟ್ಟು ಹೊಗೆ ಹಿಡಿಸುತ್ತಾರೆ. ಟೆನೆಸಿಯಲ್ಲಿ ಅಂಥ ಹೊಗೆ ಹುಡುಕಿದರೆ ಸಿಗುವುದಿಲ್ಲ.

ಈ ಸೋಸುವ ವಿದ್ಯೆಯ ಜೊತೆ ಒಂದು ಹೆಸರು ಸೇರಿಕೊಂಡಿದೆ. ರುಚಿಯ ಬಗ್ಗೆ ಮಾತಾಡುವಾಗ ಅದನ್ನು ಬಿಡಬಾರದು. ನೇಥನ್ ಗ್ರೀನ್. ಜನ ಕರೆಯುತ್ತಿದ್ದದ್ದು ನಿಯರೆಸ್ಟ್ ಗ್ರೀನ್ ಅಂತ. 19ನೇ ಶತಮಾನದ ನಡುವೆ ಲಿಂಚ್‌ಬರ್ಗ್ ಹತ್ತಿರ ಡ್ಯಾನ್ ಕಾಲ್ ಎಂಬ ಲೂಥರನ್ ಪಾದ್ರಿಯ ಜಮೀನಿತ್ತು. ಅಲ್ಲಿ ಭಟ್ಟಿಯ ಕೆಲಸ ನೋಡಿಕೊಳ್ಳುತ್ತಿದ್ದವರು ಗ್ರೀನ್. ಆಗ ಅವರು ಗುಲಾಮರಾಗಿದ್ದ ಕಪ್ಪು ಮನುಷ್ಯ. ಕೆಲಸಕ್ಕೆಂದು ಅಲ್ಲಿಗೆ ಬಂದ ಜಾಕ್ ಡೇನಿಯಲ್ ಎಂಬ ಹುಡುಗನಿಗೆ ಭಟ್ಟಿ ಇಳಿಸುವುದನ್ನು ಕಲಿಸಿದ್ದು ಅವರೇ. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಜಾಕ್ ತನ್ನದೇ ಡಿಸ್ಟಿಲರಿ ಮಾಡಿದಾಗ ಗ್ರೀನ್ ಅದರ ಮೊದಲ ಮಾಸ್ಟರ್ ಡಿಸ್ಟಿಲರ್, ಅಂದರೆ ಭಟ್ಟಿಯ ಮುಖ್ಯಸ್ಥ, ಆದರು. ಅವರ ಮಕ್ಕಳೂ ಅಲ್ಲೇ ದುಡಿದರು. ಲಿಂಚ್‌ಬರ್ಗ್‌ನಲ್ಲಿ ಈ ವಿಷಯ ಗೊತ್ತಿದ್ದವರು ಇದ್ದರು. ಆದರೆ ಕಂಪನಿ ಇದನ್ನು ಎಲ್ಲರೆದುರು ಎತ್ತಿ ಹೇಳಿದ್ದು 2016ರಲ್ಲಿ, ತನ್ನ 150ನೇ ವರ್ಷದ ಹೊತ್ತಿಗೆ. ನೂರೈವತ್ತು ವರ್ಷ ಬಾಟಲಿಯ ಮೇಲೆ ಶಿಷ್ಯನ ಹೆಸರಿತ್ತು, ಗುರುವಿನ ಹೆಸರು ಇರಲಿಲ್ಲ. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಫಾನ್ ವೀವರ್ ಎಂಬ ಉದ್ಯಮಿ ಈ ಚರಿತ್ರೆಯನ್ನು ಕೆದಕಿ, 2017ರಲ್ಲಿ 'ಅಂಕಲ್ ನಿಯರೆಸ್ಟ್' ಹೆಸರಿನ ವಿಸ್ಕಿ ಹೊರತಂದರು. ಬೇರೆ ಬೇರೆ ಪೀಪಾಯಿಗಳ ವಿಸ್ಕಿಯನ್ನು ಹದವಾಗಿ ಬೆರೆಸುವ ಅದರ ಮಾಸ್ಟರ್ ಬ್ಲೆಂಡರ್ ಆದ ವಿಕ್ಟೋರಿಯಾ ಈಡಿ ಬಟ್ಲರ್ ಗ್ರೀನ್ ಅವರದೇ ವಂಶದವರು.

ಈಗ ಕಾನೂನಿಗೆ ಬರೋಣ. 'ಟೆನೆಸಿ ವಿಸ್ಕಿ' ಅಂತ ಬಾಟಲಿಯ ಮೇಲೆ ಬರೆಯಬೇಕಾದರೆ ಏನೇನು ಇರಬೇಕು ಅಂತ ಆ ರಾಜ್ಯ 2013ರಲ್ಲಿ ಕಾನೂನು ಮಾಡಿತು. ಟೆನೆಸಿಯಲ್ಲೇ ತಯಾರಾಗಬೇಕು. ಧಾನ್ಯದಲ್ಲಿ ಮೆಕ್ಕೆಜೋಳ ಕನಿಷ್ಠ ಶೇ. 51 ಇರಬೇಕು. ಭಟ್ಟಿ ಇಳಿಸುವಾಗ ಆಲ್ಕೋಹಾಲ್ ಶೇ. 80 ದಾಟಬಾರದು, ಪೀಪಾಯಿಗೆ ಹಾಕುವಾಗ ಶೇ. 62.5 ದಾಟಬಾರದು, ಬಾಟಲಿಯಲ್ಲಿ ಶೇ. 40ಕ್ಕಿಂತ ಕಡಿಮೆ ಇರಬಾರದು. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಅದಕ್ಕೂ ಮುಂಚೆ ಮೇಪಲ್ ಇದ್ದಲಿನಲ್ಲಿ ಸೋಸಬೇಕು.

ಕೊನೆಯದನ್ನು ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಬರ್ಬನ್ ನಿಯಮಗಳೇ. ಅದಕ್ಕೇ "ಇದೂ ಬರ್ಬನ್ನೇ ಅಲ್ವಾ?" ಅನ್ನೋ ವಾದ ಮುಗಿಯುವುದಿಲ್ಲ. ಇದಕ್ಕೆ ಒಳ್ಳೆ ಉದಾಹರಣೆ ಕೊಟ್ಟಿದ್ದು ಡಿಕಲ್. ಟೆನೆಸಿ ವಿಸ್ಕಿಗೆ ಬಳಸುವ ಅದೇ ಧಾನ್ಯದ ಅಳತೆ, ಅದೇ ಇದ್ದಲಿನ ಸೋಸುವಿಕೆ ಇಟ್ಟುಕೊಂಡು 2021ರಲ್ಲಿ 8 ವರ್ಷದ ಒಂದು ವಿಸ್ಕಿಯನ್ನು ಬರ್ಬನ್ ಅಂತ ಹೆಸರಿಟ್ಟು ಮಾರಿದರು. ಕಾನೂನು ಅಡ್ಡ ಬರಲಿಲ್ಲ. ಪೀಪಾಯಿಗಳನ್ನು ಆರಿಸುವಾಗ ಬರ್ಬನ್ ಥರ ರುಚಿಸಿದವನ್ನು ಆ ಕಡೆಗೆ ಇಟ್ಟರು, ಅಷ್ಟೇ. ಹಾಗಾಗಿ ಕಾಗದದ ಮೇಲೆ ಟೆನೆಸಿ ವಿಸ್ಕಿ ಬರ್ಬನ್ ಆಗಬಲ್ಲದು. ಬರ್ಬನ್ ಅನ್ನಿಸಿಕೊಳ್ಳಲು ಅಲ್ಲಿನ ಬಹಳಷ್ಟು ಜನಕ್ಕೆ ಮನಸ್ಸಿಲ್ಲ, ಅದು ಬೇರೆ ಮಾತು.

ಕಾನೂನಿನಲ್ಲಿ ಒಂದು ವಿಚಿತ್ರವೂ ಇದೆ. ಲಿಂಕನ್ ಕೌಂಟಿ ಪ್ರೋಸೆಸ್ ಅಂತ ಹೆಸರು ಬಂದ ಲಿಂಕನ್ ಕೌಂಟಿಯಲ್ಲಿ ಪ್ರಿಚರ್ಡ್ಸ್ ಅನ್ನೋ ಡಿಸ್ಟಿಲರಿ ಇದೆ. ಅವರು ಇದ್ದಲಿನಲ್ಲಿ ಸೋಸುವುದಿಲ್ಲ. ಕಾನೂನು ಅವರಿಗೆ ವಿನಾಯಿತಿ ಕೊಟ್ಟಿದೆ. ಲಿಂಚ್‌ಬರ್ಗ್ ಹಿಂದೆ ಲಿಂಕನ್ ಕೌಂಟಿಯಲ್ಲೇ ಇತ್ತು. 1871ರಲ್ಲಿ ಮೂರ್ ಎಂಬ ಹೊಸ ಕೌಂಟಿ ಆದಾಗ ಆ ಕಡೆ ಸೇರಿತು. ಹೆಸರು ಹಳೇ ಕೌಂಟಿಯ ಹತ್ತಿರವೇ ಉಳಿಯಿತು. ಸೋಸುವವರು ಮೂರ್‌ನಲ್ಲಿ, ಸೋಸದವರು ಲಿಂಕನ್‌ನಲ್ಲಿ.

ರುಚಿ ನೋಡುವವರಿಗೆ ಇದಕ್ಕಿಂತ ಮುಖ್ಯವಾದದ್ದು ಕಾನೂನು ಹೇಳದೆ ಬಿಟ್ಟದ್ದು. ಇದ್ದಲಿನ ಆಳ ಎಷ್ಟಿರಬೇಕು, ವಿಸ್ಕಿ ಅದರಲ್ಲಿ ಎಷ್ಟು ಹೊತ್ತು ಇರಬೇಕು ಅನ್ನೋದನ್ನು ಕಾನೂನು ಕಟ್ಟುಹಾಕಿಲ್ಲ. ಜಾಕ್ ಡೇನಿಯಲ್ಸ್‌ನವರು ತೊಟ್ಟಿಕ್ಕಿಸುತ್ತಾರೆ. ಡಿಕಲ್‌ನವರು ಮೊದಲು ವಿಸ್ಕಿಯನ್ನು ತಣ್ಣಗೆ ಮಾಡಿ ಆಮೇಲೆ ಇದ್ದಲಿಗೆ ಬಿಡುತ್ತಾರೆ. ಚಳಿಗೆ ಎಣ್ಣೆಯಂಶ ಬೇಗ ಬೇರೆಯಾಗುತ್ತದೆ, ಇದ್ದಲಿಗೆ ಹಿಡಿದಿಡಲು ಸುಲಭ. ಜಾಕ್ ಡೇನಿಯಲ್ಸ್‌ನದೇ ಆದ ಜಂಟಲ್‌ಮನ್ ಜಾಕ್ ಇದ್ದಲನ್ನು ಎರಡು ಸಲ ಹಾಯುತ್ತದೆ, ಪೀಪಾಯಿಗೆ ಹೋಗುವ ಮುಂಚೆ ಒಮ್ಮೆ, ಪೀಪಾಯಿಯಿಂದ ಬಂದ ಮೇಲೆ ಇನ್ನೊಮ್ಮೆ.

ಈ ಎರಡನೇ ಸೋಸುವಿಕೆ ಪಾಠ ಹೇಳಿಕೊಡಲು ತುಂಬಾ ಒಳ್ಳೆಯದು. ಯಾಕೆಂದರೆ ಅಲ್ಲಿ ಇದ್ದಲು ಹಸಿ ವಿಸ್ಕಿಯ ಕಮಟನ್ನಷ್ಟೇ ಅಲ್ಲ, ಪೀಪಾಯಿ ವರ್ಷಗಟ್ಟಲೆ ಕೊಟ್ಟಿದ್ದರಲ್ಲೂ ಒಂದಿಷ್ಟನ್ನು ತೆಗೆದುಬಿಡುತ್ತದೆ. ಜಾಕ್ ಡೇನಿಯಲ್ಸ್‌ನ ಮಾಮೂಲಿ ವಿಸ್ಕಿಯಾದ ಓಲ್ಡ್ ನಂಬರ್ 7 ಒಂದು ಗ್ಲಾಸಿನಲ್ಲಿ, ಜಂಟಲ್‌ಮನ್ ಜಾಕ್ ಇನ್ನೊಂದರಲ್ಲಿ ಹಾಕಿ ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯದರಲ್ಲಿ ಮರದ ಒಗರು ಕಡಿಮೆ. ನುಂಗಿದ ಮೇಲೆ ರುಚಿ ಬೇಗ ಮಾಯವಾಗುತ್ತದೆ. ಕೆಲವರಿಗೆ ಇದು ಇಷ್ಟ. ನನಗೆ ಸೋಸಿದ್ದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ. ಕಸದ ಜೊತೆ ಕಾಳೂ ಒಂದಿಷ್ಟು ಹೋಗಿದೆ.

ಪೀಪಾಯಿ ಕೊಡುವುದನ್ನೂ ಗುರುತಿಸಲು ಬರಬೇಕು. ಇಲ್ಲದಿದ್ದರೆ ಇದ್ದಲಿನ ಲೆಕ್ಕ ಸಿಗುವುದಿಲ್ಲ. ಓಕ್ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ವ್ಯಾನಿಲಿನ್ ಆಗುತ್ತದೆ, ಅದೇ ವೆನಿಲ್ಲಾ ವಾಸನೆ. ಓಕ್‌ನ ಲ್ಯಾಕ್ಟೋನ್‌ನಿಂದ ಕೊಬ್ಬರಿಯ ವಾಸನೆ. ಯೂಜಿನಾಲ್‌ನಿಂದ ಲವಂಗ. ಮರದೊಳಗಿನ ಸಕ್ಕರೆಯ ಅಂಶ ಬೆಂಕಿಗೆ ಕಂದಿ ಬೆಲ್ಲದ ಪಾಕದಂಥ ವಾಸನೆ ಕೊಡುತ್ತದೆ. ಬಣ್ಣವೂ ಮರದ್ದೇ. ನಮ್ಮಲ್ಲಿ ಅಗ್ಗದ ಬಹಳಷ್ಟು 'ವಿಸ್ಕಿ'ಗಳು ಕಬ್ಬಿನ ಕಾಕಂಬಿಯಿಂದ ಬಂದ ಸ್ಪಿರಿಟ್‌ಗೆ ಬಣ್ಣ, ವಾಸನೆ ಸೇರಿಸಿದವು. ಆ ರುಚಿಗೆ ಒಗ್ಗಿದ ನಾಲಿಗೆ ಟೆನೆಸಿ ವಿಸ್ಕಿಯ ಸಿಹಿಯನ್ನೂ ಯಾರೋ ಬೆರೆಸಿದ್ದು ಅಂದುಕೊಳ್ಳುವುದು ಸಹಜ. ಆದರೆ ಅದರಲ್ಲಿ ಸಕ್ಕರೆ ಬೆರೆಸಿಲ್ಲ. ಮೂಗಿಗೆ ಬಂದ ವೆನಿಲ್ಲಾ, ಬೆಲ್ಲದ ವಾಸನೆಯನ್ನು ಮೆದುಳು ಸಿಹಿ ಅಂತ ಓದಿಕೊಳ್ಳುತ್ತದೆ. ಜೇನು ಬೆರೆಸಿದ 'ಟೆನೆಸಿ ಹನಿ' (Honey) ಥರದವು ಬೇರೆ ಜಾತಿ, ಅವನ್ನು ಇಲ್ಲಿ ಎಣಿಸಬೇಡಿ.

ಮೂರನೆಯದು ಯೀಸ್ಟ್. ಜಾಕ್ ಡೇನಿಯಲ್ಸ್‌ನಲ್ಲಿ ಚೆನ್ನಾಗಿ ಕಳಿತ ಬಾಳೆಹಣ್ಣಿನ ವಾಸನೆ ಇದೆ. ಒಮ್ಮೆ ಗುರುತು ಹಿಡಿದರೆ ಮತ್ತೆ ಮರೆಯುವುದಿಲ್ಲ. ಅದಕ್ಕೆ ಕಾರಣ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರ್, ಅಂದರೆ ಹಣ್ಣಿನ ವಾಸನೆ ಕೊಡುವ ರಾಸಾಯನಿಕ. ನಿಜವಾದ ಬಾಳೆಹಣ್ಣಿನಲ್ಲೂ ಇರುವುದು ಅದೇ. ಹುಳಿಯುವಾಗ ಯೀಸ್ಟ್ ಇದನ್ನು ಹುಟ್ಟಿಸುತ್ತದೆ. 10 ಅಡಿ ಇದ್ದಲು ಹಾದು, ವರ್ಷಗಟ್ಟಲೆ ಓಕ್‌ನಲ್ಲಿ ಕೂತು ಬಂದರೂ ಅದು ಉಳಿದಿರುತ್ತದೆ.

ಡಿಕಲ್ ಕೈಗೆತ್ತಿಕೊಂಡರೆ ಆ ಬಾಳೆಹಣ್ಣು ಸಿಗುವುದು ಕಷ್ಟ. ಅಲ್ಲಿ ಬೇಯಿಸಿದ ಮೆಕ್ಕೆಜೋಳ ಎದುರಿಗೇ ಇದೆ. ಅದರ ಹಿಂದೆ ಒಂದು ಖನಿಜದ ರುಚಿ, ಮಕ್ಕಳು ಚೀಪುವ ವಿಟಮಿನ್ ಮಾತ್ರೆಯ ಥರ. ಅಮೆರಿಕದಲ್ಲಿ ಡಿಕಲ್ ಕುಡಿಯುವವರು ಇದನ್ನೇ ಮೊದಲು ಹೇಳುತ್ತಾರೆ. ಕೆಲವರಿಗೆ ಇದು ಹಿಡಿಸುವುದಿಲ್ಲ, ಕೆಲವರು ಅದಕ್ಕಾಗಿಯೇ ಕುಡಿಯುತ್ತಾರೆ. ಎರಡೂ ಡಿಸ್ಟಿಲರಿಗಳ ನಡುವೆ ದೂರ ಹೆಚ್ಚಿಲ್ಲ. ಧಾನ್ಯ ಹೆಚ್ಚುಕಡಿಮೆ ಒಂದೇ, ಇಬ್ಬರದೂ ಮೇಪಲ್ ಇದ್ದಲೇ. ಆದರೂ ಕಣ್ಣು ಮುಚ್ಚಿ ಕುಡಿದರೂ ಬೇರೆ ಬೇರೆ ಅಂತ ಹೇಳಬಹುದು. ಅದಕ್ಕೇ 'ಟೆನೆಸಿ ವಿಸ್ಕಿಯ ರುಚಿ' ಅಂತ ಒಂದೇ ರುಚಿಯ ಹೆಸರು ಹೇಳಲು ಹೋದರೆ ಸೋಲುತ್ತೇವೆ. ಎರಡರಲ್ಲೂ ಇರುವ ಸಮಾನ ಗುಣ ಜಿಡ್ಡಿಲ್ಲದಿರುವುದು, ನಾಲಿಗೆ ಬೇಗ ಖಾಲಿಯಾಗುವುದು. ಬಾಳೆಹಣ್ಣು ಆ ಮನೆಯದ್ದು, ಖನಿಜ ಈ ಮನೆಯದ್ದು.

ಗೋದಾಮಿನ ಪಾತ್ರವೂ ಇದೆ. ಜಾಕ್ ಡೇನಿಯಲ್ಸ್ ಗೋದಾಮುಗಳು ಹಲವು ಅಂತಸ್ತಿನವು. ಬೇಸಿಗೆಯಲ್ಲಿ ಮೇಲಿನ ಅಂತಸ್ತು ಕಾಯುತ್ತದೆ, ವಿಸ್ಕಿ ಮರದೊಳಗೆ ಹೆಚ್ಚು ಇಳಿದು ಬರುತ್ತದೆ. ಅವರ ಸಿಂಗಲ್ ಬ್ಯಾರಲ್ ವಿಸ್ಕಿ (ಒಂದೊಂದು ಬಾಟಲಿಯೂ ಒಂದೇ ಪೀಪಾಯಿಯದ್ದು) ಆ ಮೇಲಿನ ಪೀಪಾಯಿಗಳಿಂದ ಬರುತ್ತದೆ. ಡಿಕಲ್‌ನವು ಒಂದೇ ಅಂತಸ್ತಿನ ಗೋದಾಮುಗಳು, ಪೀಪಾಯಿಗಳ ನಡುವೆ ಅಷ್ಟು ವ್ಯತ್ಯಾಸವಿರುವುದಿಲ್ಲ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಸ್ಕಾಟ್ಲೆಂಡಿಗಿಂತ ಬೇಗ ಹದಕ್ಕೆ ಬರುವುದೂ ಇದೇ ಬಿಸಿಯ ಕಾರಣಕ್ಕೆ.

ಮನೆಯಲ್ಲಿ ಹೋಲಿಸಿ ನೋಡುವುದಾದರೆ ಮೂರು ಗ್ಲಾಸ್ ಸಾಕು. ಒಂದು ಜಾಕ್ ಡೇನಿಯಲ್ಸ್, ಒಂದು ಡಿಕಲ್, ಒಂದು ಕೆಂಟಕಿ ಬರ್ಬನ್. ಡಿಕಲ್ ಸಿಗದಿದ್ದರೆ ಜಂಟಲ್‌ಮನ್ ಜಾಕ್ ಇಟ್ಟುಕೊಳ್ಳಿ. ಪ್ರತಿಯೊಂದೂ ಒಂದೆರಡು ಚಮಚದಷ್ಟು ಇದ್ದರೆ ಧಾರಾಳ. ಇದು ಕುಡಿಯುವ ಕೂಟ ಅಲ್ಲ, ಹೋಲಿಸುವ ಕೆಲಸ. ಬಾಯಿ ಕಿರಿದಾದ ಗ್ಲಾಸ್ ಒಳ್ಳೆಯದು, ವಾಸನೆ ಚದುರುವುದಿಲ್ಲ. ಐಸ್ ಬೇಡ, ಕೋಲಾ ಬೇಡ. ಚಳಿಗೆ ವಾಸನೆ ಅಡಗುತ್ತದೆ.

ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ. ಸ್ವಲ್ಪ ದೂರ ಹಿಡಿದು, ಬಾಯಿ ತುಸು ತೆರೆದಿಟ್ಟು ಮೂಸಿ. ಆಲ್ಕೋಹಾಲ್ ಮೂಗಿಗೆ ಹೊಡೆಯುವುದು ಕಡಿಮೆಯಾಗುತ್ತದೆ. ಮೊದಲ ಗುಟುಕು ನಾಲಿಗೆಯನ್ನು ಒಗ್ಗಿಸಲು ಅಷ್ಟೇ, ಅದರ ಮೇಲೆ ತೀರ್ಪು ಕೊಡಬೇಡಿ. ಎರಡನೇ ಗುಟುಕನ್ನು ಬಾಯಿತುಂಬ ಓಡಾಡಿಸಿ. ಇಲ್ಲಿ ಗಮನವನ್ನು ರುಚಿಗಿಂತ ವಿಸ್ಕಿಯ ಮೈಗೆ, ಅಂದರೆ ಅದು ಬಾಯಲ್ಲಿ ದಪ್ಪವೋ ತೆಳುವೋ ಅನ್ನೋದಕ್ಕೆ ಕೊಡಿ. ಬರ್ಬನ್ ನಾಲಿಗೆಯ ಮೇಲೆ ದಪ್ಪಗೆ, ಎಣ್ಣೆ ಸವರಿದ ಹಾಗೆ ಕೂರುತ್ತದಾ? ಟೆನೆಸಿ ಗ್ಲಾಸ್ ಅದಕ್ಕಿಂತ ತೆಳುವಾ? ನುಂಗಿದ ಮೇಲೆ ಯಾವುದು ಹೆಚ್ಚು ಹೊತ್ತು ಉಳಿಯಿತು? ಆಮೇಲೆ ನಾಲ್ಕು ಹನಿ ನೀರು ಹಾಕಿ ಮತ್ತೆ ಮೂಸಿ. ಅಡಗಿದ್ದ ಕೆಲವು ವಾಸನೆ ಮೇಲೇಳುತ್ತವೆ. ಗ್ಲಾಸನ್ನು ತೊಳೆಯದೆ ಬಿಟ್ಟು ಮರುದಿನ ಬೆಳಗ್ಗೆ ಮೂಸಿದರೆ ಬರೀ ಪೀಪಾಯಿಯ ವಾಸನೆ ಸಿಗುತ್ತದೆ. ಹಗುರಾದವು ರಾತ್ರಿಯೇ ಹಾರಿಹೋಗಿರುತ್ತವೆ, ವ್ಯಾನಿಲಿನ್‌ನಂಥವು ಗ್ಲಾಸಿಗೆ ಅಂಟಿ ಉಳಿದಿರುತ್ತವೆ.

ಜೊತೆಯಲ್ಲಿ ಕೂತವರೊಂದಿಗೆ ಮಾತಾಡುವಾಗ "ಸ್ಮೂತ್ ಆಗಿದೆ" ಅಂದು ನಿಲ್ಲಿಸಬೇಡಿ. ಕೇಳಬೇಕಾದ್ದು, ಏನು ಇಲ್ಲದ್ದಕ್ಕೆ ಹಾಗನ್ನಿಸಿತು ಅಂತ. ಉರಿ ಇಲ್ಲದ್ದಕ್ಕಾದರೆ ಅದು ಬರೀ ನೀರು ಬೆರೆಸಿದ್ದರ ಫಲ ಇರಬಹುದು. ಮಾಮೂಲಿ ಜಾಕ್ ಡೇನಿಯಲ್ಸ್ ಇರುವುದು ಕನಿಷ್ಠ ಮಟ್ಟವಾದ ಶೇ. 40ರಲ್ಲಿ. ಹಿಂದೆ ಅದು ಶೇ. 45 ಇತ್ತು, ಆಮೇಲೆ ಶೇ. 43 ಆಯಿತು, 2004ರ ಹೊತ್ತಿಗೆ ಇಲ್ಲಿಗೆ ಇಳಿಯಿತು. ಹಾಗಾಗಿ ತೆಳು ಅನ್ನಿಸಿದ್ದಕ್ಕೆಲ್ಲ ಇದ್ದಲನ್ನೇ ಕಾರಣ ಮಾಡುವುದು ನ್ಯಾಯವಲ್ಲ. ಒಗರು ಇಲ್ಲದ್ದಕ್ಕಾದರೆ ಪೀಪಾಯಿಯಲ್ಲಿ ಕಮ್ಮಿ ಕಾಲ ಇದ್ದಿರಬಹುದು. ಉರಿ ಇದೆ, ಒಗರು ಇದೆ, ಆದರೂ ಬಾಯಿಗೆ ಜಿಡ್ಡು ಹತ್ತಲಿಲ್ಲ ಅಂದರೆ ಇದ್ದಲಿನ ಮೇಲೆ ಅನುಮಾನಪಡಲು ಅಲ್ಲಿ ಕಾರಣವಿದೆ.

ಇದನ್ನು ಪರೀಕ್ಷಿಸಲು ಗಡಸು ಜಾಸ್ತಿ ಇರುವ ಬಾಟಲಿ ಬೇಕು. 2022ರಲ್ಲಿ ಬಂದ ಜಾಕ್ ಡೇನಿಯಲ್ಸ್ ಬಾಂಡೆಡ್ ಶೇ. 50. ಅಮೆರಿಕದ 1897ರ ಕಾಯ್ದೆಯ ಪ್ರಕಾರ ಬಾಂಡೆಡ್ ವಿಸ್ಕಿ ಒಂದೇ ಡಿಸ್ಟಿಲರಿಯದ್ದಾಗಿರಬೇಕು, ಒಂದೇ ಋತುವಿನಲ್ಲಿ ಭಟ್ಟಿ ಇಳಿದಿರಬೇಕು, ಕನಿಷ್ಠ 4 ವರ್ಷ ಪೀಪಾಯಿಯಲ್ಲಿ ಇದ್ದಿರಬೇಕು. ಅದರ ಪಕ್ಕಕ್ಕೆ ಶೇ. 50ರದ್ದೇ ಒಂದು ಬಾಂಡೆಡ್ ಬರ್ಬನ್ ಇಡಿ. ಗಡಸು ಎರಡರಲ್ಲೂ ಒಂದೇ ಆದ್ದರಿಂದ ನೀರಿನ ಪ್ರಶ್ನೆ ಬರುವುದಿಲ್ಲ. ಯೀಸ್ಟಿನ ಬಾಳೆಹಣ್ಣನ್ನು ಗುರುತಿಸಿ ಪಕ್ಕಕ್ಕಿಡಿ, ಮರದ ಲವಂಗ, ವೆನಿಲ್ಲಾವನ್ನೂ ಪಕ್ಕಕ್ಕಿಡಿ. ಆಮೇಲೂ ನಾಲಿಗೆಯ ಮೇಲೆ ಉಳಿಯುವ ವ್ಯತ್ಯಾಸದಲ್ಲಿ ಇದ್ದಲಿನ ಪಾಲನ್ನು ಹುಡುಕಬಹುದು.